ಮನೆ ಬಳಕೆಯ ಕಾಫಿ ಯಂತ್ರದ ಉಡುಗೊರೆ: ಕೊಳ್ಳುವವರೂ ಮಾರುವವರೂ ತಿಳಿದಿರಬೇಕಾದ ಸಂಗತಿಗಳು

ಗೃಹಪ್ರವೇಶ, ಮದುವೆ, ನಿವೃತ್ತಿ, ವರ್ಗಾವಣೆಯ ಬೀಳ್ಕೊಡುಗೆ ಮೊದಲಾದ ಸಂದರ್ಭಗಳಲ್ಲಿ ಕೊಡುವ ಉಡುಗೊರೆಗಳ ಪಟ್ಟಿ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಒಂದು ಕಾಲಕ್ಕೆ ಹೆಸರು ಕೆತ್ತಿಸಿದ ಸ್ಟೀಲ್ ಪಾತ್ರೆ, ಆ ಬಳಿಕ ಗೋಡೆ ಗಡಿಯಾರ, ಆಮೇಲೆ ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ. ಈಗ ಆ ಸಾಲಿಗೆ ಕಾಫಿ ಯಂತ್ರವೂ ಸೇರಿದೆ. ಆದರೆ ಇತರ ಉಡುಗೊರೆಗಳಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಗಡಿಯಾರ ಯಾರ ಮನೆಯ ಗೋಡೆಗಾದರೂ ಒಗ್ಗುತ್ತದೆ. ಕಾಫಿ ಯಂತ್ರಕ್ಕೆ ಮನೆಯವರ ನಾಲಗೆ, ಊರಿನ ನೀರು, ಅಡುಗೆಮನೆಯ ಪ್ಲಗ್ಗು, ಹತ್ತಿರದ ಅಂಗಡಿಯಲ್ಲಿ ದೊರೆಯುವ ಪುಡಿ ಇವು ನಾಲ್ಕೂ ಕೂಡಿಬರಬೇಕು. ಒಂದು ತಪ್ಪಿದರೂ ಸಾವಿರಾರು ರೂಪಾಯಿಯ ವಸ್ತು ಕೆಲವೇ ತಿಂಗಳಲ್ಲಿ ಅಟ್ಟ ಸೇರುತ್ತದೆ. ಕೊಟ್ಟವರಿಗೆ ಹಣ ನಷ್ಟ, ಪಡೆದವರಿಗೆ ಮುಜುಗರ, ಮಾರಿದ ವರ್ತಕರಿಗೆ ಹೆಸರು ಕೆಡುವ ಭಯ.

ಈ ವಿಷಯವನ್ನು ಚಳ್ಳಕೆರೆ ತಾಲ್ಲೂಕಿನ ಕುದಾಪುರವನ್ನು ಕಣ್ಣಮುಂದೆ ಇಟ್ಟುಕೊಂಡು ಪರಿಶೀಲಿಸುವುದು ಉಪಯುಕ್ತ. ನಾಯಕನಹಟ್ಟಿಗೆ ಸಮೀಪದ ಈ ಗ್ರಾಮದ ಸುತ್ತ ಒಮ್ಮೆ ಅಮೃತಮಹಲ್ ದನಗಳು ಮೇಯುತ್ತಿದ್ದ ವಿಸ್ತಾರವಾದ ಕಾವಲು ಇತ್ತು. ಇಂದು ಅಲ್ಲಿ, 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವು ಸುಮಾರು 1,500 ಎಕರೆಯಲ್ಲಿದೆ. ತಾಲ್ಲೂಕಿನಲ್ಲೇ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವು 2017ರಲ್ಲಿ ಉದ್ಘಾಟನೆಗೊಂಡಿತು. ಹೀಗಾಗಿ ಎಣ್ಣೆ ಗಿರಣಿ ಮತ್ತು ಕಂಬಳಿಗೆ ಹೆಸರಾದ ಚಳ್ಳಕೆರೆ, ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರು ಪೇಟೆಗಳ ವರ್ತಕರ ಮುಂದೆ ಇಂದು ಎರಡು ಬಗೆಯ ಗ್ರಾಹಕರು ನಿಲ್ಲುತ್ತಾರೆ. ದೂರದ ಊರುಗಳಿಂದ ಉದ್ಯೋಗಕ್ಕೆ, ತರಬೇತಿಗೆ ಬಂದವರು ಒಂದು ಕಡೆ; ಬೆಂಗಳೂರಿನಲ್ಲೋ ವಿದೇಶದಲ್ಲೋ ದುಡಿಯುವ ಮಕ್ಕಳು ಊರಿನಲ್ಲಿರುವ ತಂದೆತಾಯಿಗೆ ಏನನ್ನಾದರೂ ಕೊಡಿಸಬೇಕೆಂದು ಹಬ್ಬಕ್ಕೆ ಬಂದಾಗ ಅಂಗಡಿ ಹತ್ತುವುದು ಇನ್ನೊಂದು ಕಡೆ. ಇಬ್ಬರಿಗೂ ಒಂದೇ ಯಂತ್ರವನ್ನು ತೋರಿಸುವುದು ವ್ಯಾಪಾರದ ದೃಷ್ಟಿಯಿಂದಲೂ ಸರಿಯಲ್ಲ.

ಇದು ಕಾಫಿ ಬೆಳೆಯುವ ಸೀಮೆಯಲ್ಲ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಶೇಂಗಾ ಇಲ್ಲಿನ ಮುಖ್ಯ ಬೆಳೆ. ಬಾಬಾಬುಡನ್ ಗಿರಿಯಿರುವ ಚಿಕ್ಕಮಗಳೂರು ಜಿಲ್ಲೆ ಚಿತ್ರದುರ್ಗ ಜಿಲ್ಲೆಗೆ ಗಡಿ ಹಂಚಿಕೊಂಡಿದ್ದರೂ ಕಾಫಿಯ ಸಂಸ್ಕೃತಿ ಅಷ್ಟು ಸುಲಭವಾಗಿ ಗಡಿ ದಾಟಲಿಲ್ಲ. ಮಂಡಕ್ಕಿ ಮೆಣಸಿನಕಾಯಿಯ ಜೊತೆಗೆ ಇಲ್ಲಿನವರು ಕೇಳುವುದು ಹೆಚ್ಚಾಗಿ ಚಹವನ್ನೇ. ಆದ್ದರಿಂದ ಮೊದಲ ಪ್ರಶ್ನೆ ಯಂತ್ರದ್ದಲ್ಲ: ಉಡುಗೊರೆ ಪಡೆಯುವ ಮನೆಯಲ್ಲಿ ದಿನಕ್ಕೆ ಎಷ್ಟು ಲೋಟ ಕಾಫಿ ಆಗುತ್ತದೆ, ಯಾವ ಬಗೆಯ ಕಾಫಿ ಆಗುತ್ತದೆ ಎಂಬುದು. ಈ ಪ್ರಶ್ನೆಗೆ ಉತ್ತರ ತಿಳಿಯದ ಗ್ರಾಹಕರಿಗೆ ಯಂತ್ರವನ್ನು ತೋರಿಸುವ ಮುನ್ನ ಮನೆಗೊಂದು ದೂರವಾಣಿ ಕರೆ ಮಾಡಿಸುವುದು ಮೇಲು.

ಡಿಕಾಕ್ಷನ್ ಎಂಬ ಅಳತೆಗೋಲು

ಕನ್ನಡನಾಡಿನ ಮನೆಗಳಲ್ಲಿ ಕಾಫಿ ಎಂದರೆ ಗಟ್ಟಿ ಡಿಕಾಕ್ಷನ್‌ಗೆ ಬಿಸಿ ಹಾಲು ಬೆರೆಸಿದ ಪಾನೀಯ. ಎರಡು ಅಂತಸ್ತಿನ ಸ್ಟೀಲ್ ಅಥವಾ ಹಿತ್ತಾಳೆ ಫಿಲ್ಟರಿನಲ್ಲಿ ಪುಡಿ ಹಾಕಿ, ಬಿಲ್ಲೆಯಿಂದ ಹದವಾಗಿ ಅದುಮಿ, ಕುದಿದಿಳಿಸಿದ ನೀರು ಹೊಯ್ದರೆ ಅದು ತನ್ನ ಭಾರದಿಂದಲೇ ನಿಧಾನವಾಗಿ ಕೆಳಗಿಳಿಯುತ್ತದೆ. ನೀರು ಕಡಿಮೆ, ಪುಡಿ ಹೆಚ್ಚು, ಸಮಯ ಹೆಚ್ಚು: ಇದೇ ಡಿಕಾಕ್ಷನ್ನಿನ ಗುಟ್ಟು. ಯಂತ್ರಗಳನ್ನು ಅಳೆಯಬೇಕಾದದ್ದು ಈ ಲೆಕ್ಕದಿಂದಲೇ. ಪಾಶ್ಚಾತ್ಯ ದೇಶಗಳಲ್ಲಿ ತಯಾರಾದ ಬಹುತೇಕ ಯಂತ್ರಗಳು ಹಾಲಿಲ್ಲದ ಕಾಫಿಯನ್ನೋ ಅಥವಾ ಸಣ್ಣ ಬಟ್ಟಲಿನ ಎಸ್ಪ್ರೆಸ್ಸೋವನ್ನೋ ಗುರಿಯಾಗಿಟ್ಟುಕೊಂಡು ರೂಪುಗೊಂಡವು.

ಪುಡಿಯ ವಿಷಯದಲ್ಲಿ ಚಿಕೋರಿಯನ್ನು ಮರೆಯುವಂತಿಲ್ಲ. ಆಹಾರ ಸುರಕ್ಷತಾ ನಿಯಮದಂತೆ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯ ಅಂಶ ತೂಕದಲ್ಲಿ ಶೇಕಡಾ 51ಕ್ಕಿಂತ ಕಡಿಮೆ ಇರಕೂಡದು. ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕು. ಚಿಕೋರಿಯು ಡಿಕಾಕ್ಷನ್ನಿಗೆ ಬಣ್ಣವನ್ನೂ ಮಂದತೆಯನ್ನೂ ಕೊಡುತ್ತದೆ, ಸ್ಟೀಲ್ ಫಿಲ್ಟರಿನಲ್ಲಿ ಅದರಿಂದ ತೊಂದರೆಯಿಲ್ಲ. ಆದರೆ ನೀರು ತಾಗಿದೊಡನೆ ಅದು ಅಂಟಾಗಿ ಹಿಡಿದುಕೊಳ್ಳುವುದರಿಂದ ಎಸ್ಪ್ರೆಸ್ಸೋ ಯಂತ್ರದ ಸಣ್ಣ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಡ್ರಿಪ್ ಯಂತ್ರದಲ್ಲಿ ಜಾಲರಿ ಮುಚ್ಚಿ, ಪುಡಿ ಸಮೇತ ನೀರು ಅಂಚಿನಿಂದ ಉಕ್ಕುತ್ತದೆ. ಹೊಸ ಯಂತ್ರ ಕೆಟ್ಟಿತೆಂದು ಅಂಗಡಿಗೆ ಹಿಂದಿರುಗಿದಾಗ ವರ್ತಕರು ಮೊದಲು ಕೇಳಬೇಕಾದದ್ದು, ಯಾವ ಪುಡಿ ಹಾಕಿದ್ದಿರಿ ಎಂದು.

ಯಂತ್ರದ ಬಗೆಗಳು

ಡ್ರಿಪ್ ಯಂತ್ರ. ಜರ್ಮನಿಯ ಗೃಹಿಣಿ ಮೆಲಿಟಾ ಬೆಂಟ್ಸ್ 1908ರಲ್ಲಿ ಕಾಗದದ ಸೋಸುಕವನ್ನು ರೂಪಿಸಿದ ಮೇಲೆ ಬೆಳೆದುಬಂದ ಕ್ರಮವಿದು. ವಿದ್ಯುತ್ತಿನಿಂದ ಕಾದ ನೀರು ಪುಡಿಯ ಮೇಲೆ ತುಂತುರಾಗಿ ಬಿದ್ದು ಕೆಳಗಿನ ಗಾಜಿನ ಹೂಜಿಗೆ ಇಳಿಯುತ್ತದೆ. ಒಂದು ಲೀಟರ್ ನೀರಿಗೆ ಸುಮಾರು 60 ಗ್ರಾಂ ಪುಡಿ ಎಂಬುದು ಪಾಶ್ಚಾತ್ಯರ ರೂಢಿ. ಆ ಅಳತೆಯಲ್ಲಿ ಮಾಡಿದ ಕಾಫಿಗೆ ಹಾಲು ಬೆರೆಸಿದರೆ ನೀರು ನೀರಾಗುತ್ತದೆ. ಯಂತ್ರ ಸರಿಯಿಲ್ಲ ಎಂಬ ದೂರಿನ ಮೂಲ ಇಲ್ಲಿದೆ. ಅದೇ ಯಂತ್ರದಲ್ಲಿ ನೀರನ್ನು ಅರ್ಧಕ್ಕಿಂತಲೂ ಕಡಿಮೆ ಮಾಡಿ ಪುಡಿಯನ್ನು ಹೆಚ್ಚಿಸಿದರೆ ತಕ್ಕಮಟ್ಟಿನ ಡಿಕಾಕ್ಷನ್ ಬರುತ್ತದೆ. ಎಂಟು ಲೋಟಕ್ಕೆ ಸುಮಾರು 80 ಗ್ರಾಂ ಪುಡಿ, 400 ಮಿಲಿ ಲೀಟರ್ ನೀರು ಎಂದು ಹಿಡಿದರೆ ಸಣ್ಣ ಯಂತ್ರದ ಬುಟ್ಟಿಯಲ್ಲಿ ಅಷ್ಟು ಪುಡಿ ಹಿಡಿಯುವುದೇ ಎಂಬುದನ್ನು ಕೊಳ್ಳುವ ಮುನ್ನ ನೋಡಬೇಕು. ದಕ್ಷಿಣ ಭಾರತದ ಡಿಕಾಕ್ಷನ್ನಿಗಾಗಿಯೇ ನಮ್ಮ ದೇಶದಲ್ಲಿ ತಯಾರಾಗುವ ವಿದ್ಯುತ್ ಫಿಲ್ಟರುಗಳೂ ಮಾರುಕಟ್ಟೆಯಲ್ಲಿವೆ. ನಾಲ್ಕಾರು ಜನರ ಮನೆಗೆ, ಅದರಲ್ಲೂ ವಯಸ್ಸಾದ ದಂಪತಿಗಳಿಗೆ, ಈ ವರ್ಗವೇ ಹೆಚ್ಚು ಸೂಕ್ತ. ತಾನಾಗಿ ನಿಲ್ಲುವ ವ್ಯವಸ್ಥೆ ಇರುವುದನ್ನೇ ಆರಿಸಬೇಕು. ಹೂಜಿಯನ್ನು ಬಿಸಿಯಾಗಿಡುವ ತಟ್ಟೆ ಅನುಕೂಲದಂತೆ ತೋರಿದರೂ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಡಿಕಾಕ್ಷನ್ ಕಹಿಯಾಗುತ್ತದೆ.

ಮೋಕಾ ಪಾತ್ರೆ. ಇದನ್ನು 1933ರಲ್ಲಿ ಇಟಲಿಯ ಅಲ್ಫೋನ್ಸೋ ಬಿಯಾಲೆತ್ತಿ ಮಾರುಕಟ್ಟೆಗೆ ತಂದರು. ಒಲೆಯ ಮೇಲಿಟ್ಟರೆ ಕೆಳಗಿನ ಭಾಗದ ನೀರಿನ ಆವಿಯ ಒತ್ತಡದಿಂದ ಬಿಸಿನೀರು ಪುಡಿಯ ಮೂಲಕ ಮೇಲಕ್ಕೇರುತ್ತದೆ. ವಿದ್ಯುತ್ ಬೇಕಿಲ್ಲ, ಪಂಪು ಇಲ್ಲ, ಕೆಡುವ ಭಾಗವೆಂದರೆ ರಬ್ಬರ್ ಉಂಗುರ ಒಂದೇ. ದೊರೆಯುವ ಕಷಾಯ ನಮ್ಮ ಡಿಕಾಕ್ಷನ್ನಿಗೆ ಬಹಳ ಹತ್ತಿರವಾಗಿದ್ದು ಹಾಲಿನ ಜೊತೆ ಚೆನ್ನಾಗಿ ಹೊಂದುತ್ತದೆ. ಬೆಲೆಯೂ ಕಡಿಮೆ. ಆದರೂ ಅಂಗಡಿಗಳಲ್ಲಿ ಇದನ್ನು ಮೂಲೆಯಲ್ಲಿ ಇಟ್ಟಿರುವುದೇ ಹೆಚ್ಚು. ಹೊಳೆಯುವ ಗುಂಡಿಗಳಿಲ್ಲದ ವಸ್ತು ಉಡುಗೊರೆಯಂತೆ ಕಾಣದಿರುವುದು ಕಾರಣವಿರಬಹುದು. ಇಲ್ಲಿ ಎರಡು ಎಚ್ಚರಿಕೆ. ಪೆಟ್ಟಿಗೆಯ ಮೇಲಿನ ‘3 ಕಪ್’ ಎಂಬುದು ತಲಾ ಸುಮಾರು 50 ಮಿಲಿ ಲೀಟರಿನ ಇಟಲಿಯ ಪುಟ್ಟ ಬಟ್ಟಲಿನ ಲೆಕ್ಕ. ಮೂರು ಜನರಿರುವ ಮನೆಗೆ ‘6 ಕಪ್’ ಎಂದು ಬರೆದಿರುವುದೇ ಬೇಕು. ಎರಡನೆಯದಾಗಿ, ಅಲ್ಯೂಮಿನಿಯಂ ಪಾತ್ರೆ ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ. ಆ ಮನೆಗೆ ಇಂಡಕ್ಷನ್‌ಗೆ ಒಗ್ಗುವ ಸ್ಟೀಲಿನದನ್ನೇ ಕೊಡಬೇಕು. ಗ್ಯಾಸ್ ಒಲೆಯ ಕಾಲುಗಳ ನಡುವೆ ಸಣ್ಣ ಪಾತ್ರೆ ವಾಲದಂತೆ ಜಾಲರಿಯೊಂದನ್ನು ಸೇರಿಸಿ ಕೊಟ್ಟರೆ ಉಡುಗೊರೆ ಪೂರ್ಣವಾಗುತ್ತದೆ.

ಎಸ್ಪ್ರೆಸ್ಸೋ ಯಂತ್ರ. ಟ್ಯೂರಿನ್ನಿನ ಆಂಜೆಲೋ ಮೊರಿಯೋಂಡೋ 1884ರಲ್ಲಿ ಪೇಟೆಂಟ್ ಪಡೆದ ಯಂತ್ರದಿಂದ ಆರಂಭವಾಗಿ, 1901ರ ಲುಯಿಜಿ ಬೆತ್ಸೇರಾ ಅವರ ಸುಧಾರಣೆಯ ಮೂಲಕ ಇಂದಿನ ರೂಪಕ್ಕೆ ಬಂದ ಸಾಧನವಿದು. ಸುಮಾರು 9 ಬಾರ್ ಒತ್ತಡದಲ್ಲಿ 25ರಿಂದ 30 ಸೆಕೆಂಡಿನಲ್ಲಿ ಕಷಾಯ ಇಳಿಯಬೇಕು. ಜಾಹೀರಾತುಗಳಲ್ಲಿ ಕಾಣುವ ‘15 ಬಾರ್’, ‘20 ಬಾರ್’ ಎಂಬ ಅಂಕಿಗಳು ಪಂಪಿನ ಗರಿಷ್ಠ ಶಕ್ತಿಯನ್ನು ಹೇಳುತ್ತವೆಯೇ ಹೊರತು ಕಾಫಿಯ ಗುಣಮಟ್ಟವನ್ನಲ್ಲ. ಈ ಯಂತ್ರದ ನಿಜವಾದ ಬೆಲೆ ಪೆಟ್ಟಿಗೆಯ ಮೇಲಿರುವುದಿಲ್ಲ. ಹೊಸದಾಗಿ ಹುರಿದ ಬೀಜ, ಅದನ್ನು ಸರಿಯಾದ ನುಣುಪಿಗೆ ಬೀಸುವ ಗ್ರೈಂಡರ್, ಅದುಮುವ ಅಭ್ಯಾಸ ಇವಿಲ್ಲದೆ ಅದು ಮಾಡುವ ಕಾಫಿ ಹುಳಿಯೋ ಕಹಿಯೋ ಆಗಿಯೇ ಇರುತ್ತದೆ. ಮನೆಯಲ್ಲಿ ಬೇಳೆ ಬೀಸುವ ಮಿಕ್ಸಿ ಈ ಕೆಲಸಕ್ಕೆ ಬಾರದು. ಒಂದು ಸಲಕ್ಕೆ ಒಂದೆರಡು ಬಟ್ಟಲು ಮಾತ್ರ ಆಗುವುದರಿಂದ ಬೆಳಗಿನ ಹೊತ್ತು ಆರು ಜನ ಕಾದು ಕುಳಿತಿರುವ ಕೂಡುಕುಟುಂಬಕ್ಕೆ ಇದನ್ನು ಕೊಡುವುದು ಆ ಮನೆಯ ಗೃಹಿಣಿಗೆ ಕೊಟ್ಟ ಹೆಚ್ಚುವರಿ ಕೆಲಸವೇ ಸರಿ. ಒಬ್ಬರೇ ಅಥವಾ ಇಬ್ಬರೇ ಇರುವ, ಕಾಫಿಯನ್ನೇ ಹವ್ಯಾಸವಾಗಿ ಮಾಡಿಕೊಂಡ ತರುಣರಿಗೆ ಮಾತ್ರ ಇದು ಒಳ್ಳೆಯ ಉಡುಗೊರೆ. ಆಗಲೂ ಗ್ರೈಂಡರನ್ನು ಸೇರಿಸಿಯೇ ಬಜೆಟ್ ಹಾಕಬೇಕು.

ಕ್ಯಾಪ್ಸೂಲ್ ಯಂತ್ರ. ಸ್ವಿಟ್ಜರ್ಲೆಂಡಿನ ನೆಸ್ಲೆ ಕಂಪನಿ 1986ರಲ್ಲಿ ನೆಸ್ಪ್ರೆಸ್ಸೋ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಈ ವಿಧಾನದಲ್ಲಿ ಗುಂಡಿ ಒತ್ತಿದರೆ ಕೆಲಸ ಮುಗಿಯಿತು, ಗಲೀಜಿಲ್ಲ, ಅಳತೆಯಿಲ್ಲ. ತೊಂದರೆ ಇರುವುದು ನಿತ್ಯದ ವೆಚ್ಚದಲ್ಲಿ ಮತ್ತು ಪೂರೈಕೆಯಲ್ಲಿ. ಒಂದು ವ್ಯವಸ್ಥೆಯ ಕ್ಯಾಪ್ಸೂಲ್ ಮತ್ತೊಂದಕ್ಕೆ ಹೊಂದದು. ಉದಾಹರಣೆಗೆ, ನಾಲ್ವರ ಮನೆಯಲ್ಲಿ ದಿನಕ್ಕೆ ಎಂಟು ಲೋಟದಂತೆ ತಿಂಗಳಿಗೆ 240 ಲೋಟ ಕಾಫಿ ಆಗುತ್ತದೆಂದು ಭಾವಿಸೋಣ. ಕ್ಯಾಪ್ಸೂಲೊಂದಕ್ಕೆ 40 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 9,600 ರೂಪಾಯಿ. ಅದೇ 240 ಲೋಟಕ್ಕೆ ತಲಾ 10 ಗ್ರಾಂನಂತೆ 2.4 ಕಿಲೋ ಪುಡಿ, ಕಿಲೋಗೆ 700 ರೂಪಾಯಿ ಎಂದು ಹಿಡಿದರೆ 1,680 ರೂಪಾಯಿ. ದರಗಳು ಏರಿಳಿಯಬಹುದು, ಅಂತರದ ಸ್ವರೂಪ ಬದಲಾಗದು. ಇಂಥ ಯಂತ್ರವನ್ನು ಉಡುಗೊರೆಯಾಗಿ ಕೊಡುವವರು ಯಂತ್ರವನ್ನು ತಾವು ಕೊಟ್ಟು ಬಿಲ್ಲನ್ನು ಪ್ರತಿ ತಿಂಗಳೂ ಅವರ ಮೇಲೆ ಹೊರಿಸುತ್ತಿರುತ್ತಾರೆ. ಕುದಾಪುರದಂಥ ಸ್ಥಳದಲ್ಲಿ ಕ್ಯಾಪ್ಸೂಲು ಹತ್ತಿರದ ಕಿರಾಣಿ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಕೊರಿಯರ್ ದಾರಿ ಕಾಯಬೇಕು.

ಬೀಜ ಹಾಕಿದರೆ ಬೀಸಿ, ಕಾಫಿ ಮಾಡಿ, ಹಾಲಿನ ನೊರೆಯನ್ನೂ ಕೊಡುವ ಸ್ವಯಂಚಾಲಿತ ಯಂತ್ರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದುರಸ್ತಿ ಕೇಂದ್ರ ಅದೇ ಊರಿನಲ್ಲಿಲ್ಲದಿದ್ದರೆ ಅವನ್ನು ಕೊಡದಿರುವುದೇ ಲೇಸು.

ಗಡಸು ನೀರಿನ ಪ್ರಶ್ನೆ

ಈ ಪ್ರದೇಶದಲ್ಲಿ ಕಾಫಿ ಯಂತ್ರದ ಆಯಸ್ಸನ್ನು ನಿರ್ಧರಿಸುವುದು ಬ್ರಾಂಡಿನ ಹೆಸರಿಗಿಂತ ಹೆಚ್ಚಾಗಿ ಕೊಳವೆಬಾವಿಯ ನೀರು. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕಾಯಿಸಿದಾಗ ಬಿಳಿಯ ಹೆಪ್ಪಾಗಿ ಪಾತ್ರೆಯ ತಳಕ್ಕೆ ಕಟ್ಟುವುದನ್ನು ಬಯಲುಸೀಮೆಯ ಪ್ರತಿ ಗೃಹಿಣಿಯೂ ಬಲ್ಲಳು. ಪಾತ್ರೆಯನ್ನಾದರೆ ಹುಣಿಸೆಹಣ್ಣು ಹಚ್ಚಿ ಉಜ್ಜಬಹುದು. ಯಂತ್ರದೊಳಗಿನ ಪೆನ್ಸಿಲ್ ದಪ್ಪದ ಕೊಳವೆಗೆ ಕೈ ಹೋಗದು. ಸುಣ್ಣ ಕಟ್ಟಿದಂತೆ ಕಾಯುವ ಸುರುಳಿಯ ಶಾಖ ನೀರಿಗೆ ತಲುಪದೆ ಸುರುಳಿಯೇ ಅತಿಯಾಗಿ ಕಾದು ಸುಡುತ್ತದೆ, ಕವಾಟ ಕಚ್ಚಿಕೊಳ್ಳುತ್ತದೆ, ಪಂಪು ಏದುಸಿರು ಬಿಡುತ್ತದೆ.

ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನದಂಡ (ಐ.ಎಸ್. 10500, 2012) ಒಟ್ಟು ಗಡಸುತನವು ಲೀಟರಿಗೆ 200 ಮಿಲಿಗ್ರಾಂವರೆಗೆ ಸ್ವೀಕಾರಾರ್ಹವೆಂದೂ, ಬೇರೆ ಜಲಮೂಲವಿಲ್ಲದಿದ್ದಲ್ಲಿ 600ರವರೆಗೆ ಅನುಮತಿಸಬಹುದೆಂದೂ ಹೇಳುತ್ತದೆ. ಕುಡಿಯಲು ಅನುಮತಿಯಿರುವ ನೀರೆಲ್ಲವೂ ಯಂತ್ರಕ್ಕೆ ಹಿತವಲ್ಲ ಎಂಬುದನ್ನು ಇಲ್ಲಿ ಗ್ರಹಿಸಬೇಕು. 600ರ ಸಮೀಪದ ನೀರಿನಲ್ಲಿ ಎಸ್ಪ್ರೆಸ್ಸೋ ಯಂತ್ರವೊಂದು ವರ್ಷ ತುಂಬುವ ಮೊದಲೇ ಕೈಕೊಟ್ಟರೆ ಅದು ತಯಾರಕರ ದೋಷವೆನಿಸದು. ಸುಣ್ಣ ಕಟ್ಟಿದ್ದರಿಂದಾದ ಹಾನಿಯನ್ನು ಹಲವು ಕಂಪನಿಗಳು ವಾರಂಟಿಯಿಂದ ಹೊರಗಿಟ್ಟಿರುತ್ತವೆ. ವಾರಂಟಿ ಚೀಟಿಯ ಈ ಸಾಲನ್ನು ಗ್ರಾಹಕರಿಗೆ ಓದಿ ಹೇಳುವ ವರ್ತಕರು ಮುಂದಿನ ಜಗಳವನ್ನು ಅಂದೇ ತಪ್ಪಿಸಿರುತ್ತಾರೆ.

ಪರಿಹಾರ ಕಷ್ಟವೇನಲ್ಲ. ಹಳ್ಳಿಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕಗಳಿಂದ 20 ಲೀಟರ್ ಕ್ಯಾನಿನಲ್ಲಿ ತರುವ ನೀರನ್ನೇ ಯಂತ್ರಕ್ಕೂ ಬಳಸಬಹುದು. ಆದರೆ ಪೂರ್ತಿ ಲವಣ ತೆಗೆದ ನೀರಿನಲ್ಲಿ ಕಾಫಿ ಸಪ್ಪೆಯಾಗುತ್ತದೆ, ಮತ್ತು ಕೆಲವು ಯಂತ್ರಗಳ ನೀರಿನ ಮಟ್ಟ ಅರಿಯುವ ಕಡ್ಡಿಗಳು ಲವಣವೇ ಇಲ್ಲದ ನೀರನ್ನು ಗುರುತಿಸಲಾರವು. ಸ್ವಲ್ಪ ನಲ್ಲಿ ನೀರನ್ನು ಬೆರೆಸಿಕೊಳ್ಳುವುದು ರೂಢಿಯ ಉಪಾಯ. ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಮೇಲಿನ ಮಾನದಂಡದ ಪ್ರಕಾರ ಅದರ ಸ್ವೀಕಾರಾರ್ಹ ಮಿತಿ ಲೀಟರಿಗೆ 1 ಮಿಲಿಗ್ರಾಂ, ಗರಿಷ್ಠ 1.5. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಸಾಂದ್ರತೆ ಏರುತ್ತದೆ. ಕಾಫಿ ಯಂತ್ರದೊಂದಿಗೆ ಬರುವ ಇದ್ದಿಲಿನ ಪುಟ್ಟ ಫಿಲ್ಟರು ವಾಸನೆಯನ್ನು ತೆಗೆಯುತ್ತದೆಯೇ ಹೊರತು ಫ್ಲೋರೈಡನ್ನಲ್ಲ. ‘ಯಂತ್ರದಲ್ಲೇ ಫಿಲ್ಟರಿದೆ, ಬೋರಿನ ನೀರೇ ಸಾಕು’ ಎಂಬ ಮಾತನ್ನು ಮಾರಾಟಗಾರರು ಎಂದಿಗೂ ಆಡಕೂಡದು. ಫ್ಲೋರೈಡ್ ಇರುವ ಊರಿನಲ್ಲಿ ಬೆರೆಸುವ ನಲ್ಲಿ ನೀರೂ ಪರೀಕ್ಷೆಯಾಗಿರಬೇಕು.

ಸುಣ್ಣ ತೆಗೆಯಲು ಅಂಗಡಿಗಳಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಪುಡಿ, ಸಾಮಾನ್ಯವಾಗಿ ಸಾಕು. ಕೈಪಿಡಿ ಹೇಳುವ ಪ್ರಮಾಣದಲ್ಲಿ ನೀರಿಗೆ ಬೆರೆಸಿ ಯಂತ್ರದ ಮೂಲಕ ಹಾಯಿಸಿ, ಬಳಿಕ ಎರಡು ಮೂರು ಸಲ ಬರೀ ನೀರು ಹಾಯಿಸಬೇಕು. ಬಯಲುಸೀಮೆಯಲ್ಲಿ ಇದನ್ನು ತಿಂಗಳಿಗೊಮ್ಮೆ ಮಾಡುವುದು ಒಳ್ಳೆಯದು. ಒಂದು ಪೊಟ್ಟಣ ನಿಂಬೆ ಉಪ್ಪನ್ನೂ, ಕನ್ನಡದಲ್ಲಿ ಬರೆದ ನಾಲ್ಕು ಸಾಲಿನ ಸೂಚನೆಯನ್ನೂ ಪೆಟ್ಟಿಗೆಯೊಳಗೆ ಇಟ್ಟುಕೊಡುವ ಅಂಗಡಿಗೆ ಗ್ರಾಹಕರು ಮತ್ತೆ ಬರುತ್ತಾರೆ. ಯಂತ್ರದ ಜೊತೆ ಬರುವ ಕೈಪಿಡಿಗಳಲ್ಲಿ ಹತ್ತಾರು ಭಾಷೆಗಳಿದ್ದರೂ ಕನ್ನಡ ಇರುವುದು ಅಪರೂಪ.

ಹಾಗೆ ನೋಡಿದರೆ ಸ್ಟೀಲ್ ಫಿಲ್ಟರಿಗೆ ಈ ಯಾವ ತಾಪತ್ರಯವೂ ಇಲ್ಲ. ರಂಧ್ರ ಮುಚ್ಚಿದರೆ ಒಲೆಯ ಉರಿಗೆ ಹಿಡಿದು ತೊಳೆದರಾಯಿತು.

ವಿದ್ಯುತ್ತು, ಪ್ಲಗ್ಗು ಮತ್ತು ವಿದೇಶದ ಪೆಟ್ಟಿಗೆ

ನಮ್ಮಲ್ಲಿ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟ್. ಸಾಮಾನ್ಯ ಸಣ್ಣ ಪ್ಲಗ್ಗಿನ ಸಾಮರ್ಥ್ಯ 6 ಆಂಪಿಯರ್, ಅಂದರೆ ಗರಿಷ್ಠ 1,380 ವ್ಯಾಟ್. 800 ವ್ಯಾಟಿನ ಡ್ರಿಪ್ ಯಂತ್ರ ಅದರಲ್ಲಿ ನಡೆಯುತ್ತದೆ. 1,450 ವ್ಯಾಟಿನ ಎಸ್ಪ್ರೆಸ್ಸೋ ಯಂತ್ರಕ್ಕೆ 16 ಆಂಪಿಯರಿನ ದೊಡ್ಡ ಪ್ಲಗ್ಗು ಬೇಕು. ಹಳೆಯ ಮನೆಗಳ ಅಡುಗೆಮನೆಯಲ್ಲಿ ದೊಡ್ಡ ಪ್ಲಗ್ಗು ಒಂದೇ ಇದ್ದು ಅದನ್ನೂ ಬೇರೊಂದು ಸಾಧನ ಆಕ್ರಮಿಸಿರುತ್ತದೆ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ನೀರು ಮತ್ತು ವಿದ್ಯುತ್ತು ಒಟ್ಟಿಗಿರುವ ಯಂತ್ರವನ್ನು ಬಳಸುವುದು ಅಪಾಯಕರ. ಮನೆ ಬಳಕೆಯ ಸಣ್ಣ ಇನ್ವರ್ಟರುಗಳು ಈ ಭಾರವನ್ನು ಹೊರಲಾರವು. ವೋಲ್ಟೇಜು 180ಕ್ಕೆ ಇಳಿದರೆ ಕಾಯುವ ಸುರುಳಿಯ ಶಕ್ತಿ ಶೇಕಡಾ 61ರಷ್ಟಕ್ಕೆ ಕುಸಿಯುತ್ತದೆ. ಡಿಕಾಕ್ಷನ್ ಒಂದು ದಿನ ಗಟ್ಟಿ, ಒಂದು ದಿನ ತೆಳು ಎಂಬ ದೂರಿಗೆ ಇದೂ ಕಾರಣವಾಗಬಹುದು.

ಅಮೆರಿಕದಲ್ಲಿರುವ ಮಕ್ಕಳು ಊರಿಗೆ ಬರುವಾಗ ಅಲ್ಲಿಂದಲೇ ಯಂತ್ರ ತರುವುದುಂಟು. ಅಲ್ಲಿನ ವಿದ್ಯುತ್ತು 120 ವೋಲ್ಟ್. ಪ್ಲಗ್ಗಿನ ಆಕಾರ ಬದಲಿಸುವ ಸಣ್ಣ ಅಡಾಪ್ಟರ್ ಹಾಕಿ ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಸುರುಳಿಯ ಮೇಲೆ ಬೀಳುವ ಶಕ್ತಿ ಸುಮಾರು 3.7 ಪಟ್ಟು ಹೆಚ್ಚುತ್ತದೆ, ಕ್ಷಣಾರ್ಧದಲ್ಲಿ ಯಂತ್ರ ಸುಟ್ಟುಹೋಗುತ್ತದೆ. ಸಾವಿರ ವ್ಯಾಟಿನ ಯಂತ್ರಕ್ಕೆ ತಕ್ಕ ಟ್ರಾನ್ಸ್‌ಫಾರ್ಮರ್ ಕೊಂಡರೆ ಅದರ ತೂಕವೇ ಯಂತ್ರದ ತೂಕವನ್ನು ಮೀರಬಹುದು. ಯುರೋಪಿನಿಂದ ತಂದ ಯಂತ್ರಕ್ಕೆ ಈ ತೊಂದರೆ ಇಲ್ಲ, ಪ್ಲಗ್ಗನ್ನು ಮಾತ್ರ ಹೊಂದಿಸಿಕೊಳ್ಳಬೇಕು. ಆದರೆ ವಿದೇಶದಲ್ಲಿ ಕೊಂಡ ವಸ್ತುವಿಗೆ ಇಲ್ಲಿ ವಾರಂಟಿ ದೊರೆಯುವುದು ಅನುಮಾನ. ಅಮೆರಿಕದ ಮಕ್ಕಳು ಹಣವನ್ನು ಕಳಿಸಿ, ಚಳ್ಳಕೆರೆಯ ಅಂಗಡಿಯಲ್ಲೇ ಕೊಡಿಸುವುದು ಎಲ್ಲ ರೀತಿಯಿಂದಲೂ ಕ್ಷೇಮ. ವಿಮಾನದ ತೂಕವೂ ಉಳಿಯುತ್ತದೆ.

ಯಂತ್ರವೇ ಆಗಬೇಕೆ?

ಉಡುಗೊರೆ ಎಂದರೆ ಯಂತ್ರವೇ ಎಂಬ ನಿಯಮವಿಲ್ಲ. ಒಳಗೆ ಕಲಾಯಿ ಹಾಕಿದ ಒಳ್ಳೆಯ ಹಿತ್ತಾಳೆ ಫಿಲ್ಟರು, ಲೋಟ-ಬಟ್ಟಲುಗಳ ಜೊತೆ, ಕೈಯಿಂದ ತಿರುಗಿಸುವ ಬೀಸುವ ಸಾಧನ, ಅರ್ಧ ಕಿಲೋ ಹುರಿದ ಬೀಜ ಇವಿಷ್ಟನ್ನು ಒಂದು ಬುಟ್ಟಿಯಲ್ಲಿ ಕೊಟ್ಟರೆ ಅಗ್ಗದ ಎಸ್ಪ್ರೆಸ್ಸೋ ಯಂತ್ರಕ್ಕಿಂತ ಉತ್ತಮ ಕಾಫಿ ಆ ಮನೆಯಲ್ಲಿ ಆಗುತ್ತದೆ. ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ತಳಿಗಳಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟನ್ನು ಬೆಳೆಯುವ ರಾಜ್ಯದಲ್ಲಿ ಈ ಹೆಸರುಗಳನ್ನು ಹೊತ್ತ ಪೊಟ್ಟಣ ಬಯಲುಸೀಮೆಯ ಪೇಟೆಗಳಲ್ಲಿ ಇನ್ನೂ ಸುಲಭವಾಗಿ ಕಾಣದಿರುವುದು ವರ್ತಕರು ಯೋಚಿಸಬೇಕಾದ ಸಂಗತಿ. ಹುರಿದು ಪುಡಿ ಮಾಡಿದ ಕಾಫಿಯ ಪರಿಮಳ ಕೆಲವೇ ವಾರಗಳಲ್ಲಿ ಇಳಿಯುವುದರಿಂದ ಸ್ವಲ್ಪ ಸ್ವಲ್ಪವಾಗಿ ತರಿಸಿ ಮಾರುವುದು ಒಳಿತು. ಈ ವ್ಯಾಪಾರಕ್ಕೆ ಇಳಿಯಬಯಸುವವರಿಗೆ ಬೆಂಗಳೂರಿನ ಕಾಫಿ ಮಂಡಳಿಯು ಹುರಿಯುವಿಕೆ, ರುಚಿ ನೋಡುವಿಕೆ ಮತ್ತು ಕಾಫಿ ತಯಾರಿಕೆಯ ಬಗ್ಗೆ ನಡೆಸುವ ‘ಕಾಪಿ ಶಾಸ್ತ್ರ’ ತರಬೇತಿ ಪ್ರಯೋಜನಕಾರಿ.

ಬಿಲ್ಲು, ವಾರಂಟಿ ಮತ್ತು ಕಾನೂನು

ಉಡುಗೊರೆಯ ಸಂದರ್ಭದಲ್ಲಿ ಬೆಲೆ ಕಾಣಬಾರದೆಂದು ಬಿಲ್ಲನ್ನು ಹರಿದುಹಾಕುವ ಪದ್ಧತಿ ಇದೆ. ವಿದ್ಯುತ್ ಸಾಧನಗಳ ವಿಷಯದಲ್ಲಿ ಇದು ಸಲ್ಲದು. ಬಿಲ್ಲನ್ನು ಲಕೋಟೆಯಲ್ಲಿಟ್ಟು ಪ್ರತ್ಯೇಕವಾಗಿ ಕೊಡಬಹುದು ಅಥವಾ ಅದರ ಪ್ರತಿಯನ್ನು ಅಂಗಡಿಯವರೇ ಕಾಪಾಡಬಹುದು. ಯಂತ್ರದ ಕ್ರಮಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸಿ, ವಾರಂಟಿಯನ್ನು ಪಡೆಯುವವರ ಹೆಸರು ಮತ್ತು ದೂರವಾಣಿಯಲ್ಲಿ ನೋಂದಾಯಿಸಬೇಕು. ವಾರಂಟಿಯ ಅವಧಿ ಖರೀದಿಯ ದಿನದಿಂದ ಎಣಿಕೆಯಾಗುತ್ತದೆ. ಮೂರು ತಿಂಗಳು ಮೊದಲೇ ಕೊಂಡಿಟ್ಟ ಉಡುಗೊರೆಯಲ್ಲಿ ಅಷ್ಟು ಕಾಲ ಕಳೆದೇ ಹೋಗಿರುತ್ತದೆ. ಕಂಪನಿಯ ದುರಸ್ತಿ ಕೇಂದ್ರ ಚಳ್ಳಕೆರೆಯಲ್ಲಿದೆಯೇ, ಚಿತ್ರದುರ್ಗದಲ್ಲಿದೆಯೇ, ಅಥವಾ ಸುಮಾರು 200 ಕಿ.ಮೀ. ದೂರದ ಬೆಂಗಳೂರಿಗೇ ಒಯ್ಯಬೇಕೇ ಎಂಬುದನ್ನು ಮಾರುವ ಮುನ್ನವೇ ತಿಳಿಸುವುದು ವರ್ತಕರ ಕರ್ತವ್ಯ.

ಉಡುಗೊರೆ ಪಡೆದವರು ಹಣ ಕೊಟ್ಟಿಲ್ಲವಾದ್ದರಿಂದ ಅವರಿಗೆ ದೂರು ಕೊಡುವ ಹಕ್ಕಿಲ್ಲ ಎಂಬ ತಪ್ಪು ಕಲ್ಪನೆ ಪೇಟೆಯಲ್ಲಿದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ಕೊಂಡವರ ಒಪ್ಪಿಗೆಯಿಂದ ವಸ್ತುವನ್ನು ಬಳಸುವವರೂ ಗ್ರಾಹಕರೇ. ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ದಾಖಲಿಸಬಹುದು. ಹೀಗಾಗಿ ಬೆಂಗಳೂರಿನಲ್ಲಿ ಮಗ ಕೊಂಡು ಕುದಾಪುರದ ತಾಯಿಗೆ ಕೊಟ್ಟ ಯಂತ್ರ ದೋಷಯುಕ್ತವಾಗಿದ್ದರೆ ಆ ತಾಯಿ ಚಿತ್ರದುರ್ಗದಲ್ಲಿಯೇ ಪರಿಹಾರ ಕೇಳಬಹುದು. ಆದರೆ ಮನೆ ಬಳಕೆಯ ಯಂತ್ರವನ್ನು ಹೋಟೆಲಿನಲ್ಲೋ ಬೇಕರಿಯಲ್ಲೋ ಇಟ್ಟು ದುಡಿಸಿದರೆ ವಾರಂಟಿಯೂ ಸಾಮಾನ್ಯವಾಗಿ ಅನ್ವಯವಾಗದು, ಗ್ರಾಹಕ ಎಂಬ ರಕ್ಷಣೆಗೂ ತೊಡಕಾಗುತ್ತದೆ.

ವ್ಯಾಪಾರಿ ಸಂಸ್ಥೆಗಳು ಕೊಡುವ ಉಡುಗೊರೆಗೆ ತೆರಿಗೆಯ ಮುಖವೂ ಇದೆ. ದೀಪಾವಳಿಗೆಂದು ಹತ್ತು ಕಾಫಿ ಯಂತ್ರ ಕೊಂಡು ಗಿರಾಕಿಗಳಿಗೆ ಹಂಚಿದರೆ ಆ ಖರೀದಿಯ ಮೇಲೆ ತೆತ್ತ ಜಿ.ಎಸ್.ಟಿ.ಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಉಡುಗೊರೆಯಾಗಿ ವಿಲೇವಾರಿಯಾದ ಸರಕನ್ನು ಕೇಂದ್ರ ಜಿ.ಎಸ್.ಟಿ. ಅಧಿನಿಯಮದ 17(5)ನೆಯ ಕಲಂ ಹೊರಗಿಟ್ಟಿದೆ. ನೌಕರರೊಬ್ಬರಿಗೆ ಒಂದು ಆರ್ಥಿಕ ವರ್ಷದಲ್ಲಿ 50,000 ರೂಪಾಯಿಯವರೆಗಿನ ಉಡುಗೊರೆಯನ್ನು ಆ ಕಾನೂನು ಸರಬರಾಜು ಎಂದು ಪರಿಗಣಿಸುವುದಿಲ್ಲ, ಆದರೆ ಜಮೆಯ ನಿರ್ಬಂಧ ಅಲ್ಲಿಯೂ ಉಂಟು. ಡೀಲರು, ಏಜೆಂಟರಂಥ ವ್ಯವಹಾರ ಸಂಬಂಧಿಗಳಿಗೆ ವರ್ಷದಲ್ಲಿ 20,000 ರೂಪಾಯಿ ಮೀರಿದ ಸೌಲಭ್ಯ ಕೊಟ್ಟಾಗ ಶೇಕಡಾ 10ರಷ್ಟು ಆದಾಯ ತೆರಿಗೆಯನ್ನು ಮೂಲದಲ್ಲೇ ಕಡಿತ ಮಾಡುವ ನಿಯಮ 2022ರ ಜುಲೈ 1ರಿಂದ ಬಂದಿದೆ. ಹಿಂದಿನ ವರ್ಷದ ವ್ಯಾಪಾರ ವಹಿವಾಟು ಒಂದು ಕೋಟಿ ರೂಪಾಯಿ ಮೀರದ ವ್ಯಕ್ತಿಗಳಿಗೆ ಈ ಹೊಣೆ ಇಲ್ಲ. ಮೂವತ್ತು ಸಾವಿರದ ಎಸ್ಪ್ರೆಸ್ಸೋ ಯಂತ್ರವೊಂದನ್ನು ಏಜೆಂಟರಿಗೆ ಕೊಡಲು ಹೊರಟ ಎಣ್ಣೆ ಗಿರಣಿಯ ಮಾಲೀಕರು ಆರ್ಡರು ಹಾಕುವ ಮೊದಲು ತಮ್ಮ ಲೆಕ್ಕ ಪರಿಶೋಧಕರನ್ನು ಒಂದು ಮಾತು ಕೇಳುವುದು ಒಳ್ಳೆಯದು. ಅದೇ ಏಜೆಂಟರಿಗೆ ಆರು ಕಪ್ಪಿನ ಮೋಕಾ ಪಾತ್ರೆಯನ್ನೂ ಒಂದು ಕಿಲೋ ಚಿಕ್ಕಮಗಳೂರು ಕಾಫಿಯನ್ನೂ ಕೊಡುವುದಾದರೆ, ವರ್ಷದ ಇತರ ಸೌಲಭ್ಯಗಳೆಲ್ಲ ಸೇರಿ ಆ ಮಿತಿಯನ್ನು ದಾಟದಿದ್ದಲ್ಲಿ, ಕಡಿತದ ಪ್ರಶ್ನೆ ಏಳುವುದಿಲ್ಲ.